ನಡಾವಳಿ

ಹಾಜರಿದ್ದವರು: ನೂರಾ ಹನ್ನೆರಡು ಮಂದಿ, ಎರಡು ನಾಯಿ.
ಕುರ್ಚಿ ಅರವತ್ತೇ. ಉಳಿದವರು ಗೋಡೆಗೆ ಆತು
ಒದ್ದೆ ಕೋಟುಗಳಿಂದ ಹಬೆಯೇಳಿಸುತ್ತ ನಿಂತರು.
ಈ ಹಾಲಿನಲ್ಲಿ ಇಷ್ಟು ಜನ ಕೂಡಿದ್ದು
ಹೆಡ್ಲಿ ಕರ್ನೋ ಸತ್ತಾಗ;
ಅದೂ ಸ್ಯಾಂಡ್‌ವಿಚ್ ಇತ್ತು ಅಂತ.

ಕಂಪನಿಯವನು ಹುಡುಗ. ಹೊಸ ಬೂಟು.
ಪರದೆಯ ಮೇಲೆ ನಕ್ಷೆ ಬಿಟ್ಟ:
ಎಂಬತ್ತನಾಲ್ಕು ಮನೆ, ಕೆಂಪು ಚೌಕ, ಕೆಂಪು ಚೌಕ,
ನಡುವೆ ಒಂದು ಹಸಿರು ಬೊಟ್ಟು, ಮಕ್ಕಳ ಜಾರುಬಂಡೆ.
ಮೂಲೆಯಲ್ಲಿ ಬರೆದಿತ್ತು: ಭಾಗ ಬಿ.
‘ಯಾವುದಯ್ಯ ಭಾಗ ಬಿ?’ ಹಿಂದಿನಿಂದ ಮುದುಕ ಡೆನ್ಜಿಲ್.
‘ಅದು ಪಾರ್ಕ್ ಸ್ಕೊವಾರ್ನೆಕ್.’

ಸ್ಕೊವಾರ್ನೆಕ್ ಅಂದರೆ ಮೊಲ, ಕಾರ್ನ್‌ವಾಲಿನ ಹಳೇ ನುಡಿಯಲ್ಲಿ.
ಬಿಡಿಸಿ ಹೇಳಿದರೆ, ಉದ್ದಗಿವಿಯದ್ದು.
ಅದನ್ನು ಒಲೆ ಮುಂದೆ ಆಡುತ್ತಿದ್ದವರು ಹೋಗಿ
ಇನ್ನೂರು ವರ್ಷ ದಾಟಿತು,
ಹೊಲಗಳು ಮಾತ್ರ ಇನ್ನೂ ಅದಕ್ಕೇ ಓಗೊಡುತ್ತವೆ.
ಇದನ್ನು ನಾನು ಬರೆದುಕೊಳ್ಳಲಿಲ್ಲ.
ನಡಾವಳಿಗೆ ಬೇಕಾದದ್ದು ಯಾರು ಸೂಚಿಸಿದರು, ಯಾರು ಅನುಮೋದಿಸಿದರು.

ಒಬ್ಬೊಬ್ಬರೇ ಎದ್ದರು.
ಚರಂಡಿ ಈಗಲೇ ಉಕ್ಕುತ್ತದೆ. ಶಾಲೆಯಲ್ಲಿ ಬೆಂಚಿಲ್ಲ.
ಡಾಕ್ಟರು ಸಿಗಬೇಕಾದರೆ
ಜ್ವರಕ್ಕೆ ಮೂರು ವಾರ ಮೊದಲೇ ಹೇಳಿಡಬೇಕು.
ಓಣಿಯಲ್ಲಿ ಎರಡು ಟ್ರ್ಯಾಕ್ಟರ್ ಎದುರಾದರೆ
ಒಂದು ಹಿಂದೆ ಹಿಂದೆ ಹೋಗಿ ಪಕ್ಕದ ಊರೇ ಸೇರುತ್ತದೆ.
ಬೇಲಿಯಲ್ಲಿ ಬಾವಲಿಗಳಿವೆ, ಕಾನೂನಿದೆ, ಎಂದರು ಮಿಸೆಸ್ ಪಾಸ್ಕೋ,
ಬಾವಲಿ ಕಂಡರೆ ಸೆರಗಿಲ್ಲದೆಯೂ ತಲೆ ಮುಚ್ಚಿಕೊಳ್ಳುವ ಮಿಸೆಸ್ ಪಾಸ್ಕೋ.

ಎಲ್ಲರಿಗಿಂತ ಚೆನ್ನಾಗಿ ಆಡಿದವರು ಲಂಡನ್ನಿನ ರೂಪರ್ಟ್.
‘ನಮ್ಮ ಊರು’ ಎಂದರು. ಒಂಬತ್ತು ಸಲ. ಎಣಿಸಿದೆ.
ಬಂದರಿನ ಮೇಲಿನ ಅವರ ಮನೆಯಲ್ಲಿ ದೀಪ ಹತ್ತುವುದು
ಈಸ್ಟರಿಗೊಮ್ಮೆ, ಆಗಸ್ಟಿಗೊಮ್ಮೆ.
ಬರೆದುಕೊಂಡೆ: ನಿವಾಸಿಯೊಬ್ಬರು ಆಕ್ಷೇಪಿಸಿದರು.

ಆಮೇಲೆ ಲೊವೆನಾ.
ವೃದ್ಧಾಶ್ರಮದ ನೀಲಿ ಅಂಗಿ, ರಾತ್ರಿ ಪಾಳಿ, ಕೈಯಲ್ಲಿ ಆಗಲೇ ಕಾರಿನ ಕೀಲಿ.
‘ಎಂಬತ್ತನಾಲ್ಕರಲ್ಲಿ ನಮ್ಮಂಥವರ ಬಾಡಿಗೆಗೆ ಎಷ್ಟು?’
‘ಇಪ್ಪತ್ತೈದು’ ಅಂದ ಹುಡುಗ, ‘ಸದ್ಯಕ್ಕೆ.’
ಆ ಸದ್ಯಕ್ಕೆ ಹಾಲೆಲ್ಲ ನಕ್ಕಿತು. ಅವಳು ನಗಲಿಲ್ಲ.
‘ಅಮ್ಮನ ಹಿತ್ತಲ ಕ್ಯಾರವಾನಿನಲ್ಲಿ ಇದು ನನಗೆ ಆರನೇ ಚಳಿಗಾಲ.
ಗೋಡೆ ಬೆವರುತ್ತದೆ.
ಮಗಳ ಹಾಸಿಗೆಯನ್ನು ರಾತ್ರಿ ಎರಡು ಸಲ ಈಚೆ ಎಳೆಯಬೇಕು.
ಆ ಹೊಲದ ಮೊಲ ನಾನೂ ನೋಡಿದ್ದೇನೆ.
ಅಪ್ಪ ತೋರಿಸಿದ್ದ. ಅಲುಗಬೇಡ, ಅಂದಿದ್ದ.
ನಾನಂತೂ ಅಲುಗಿಲ್ಲ.’

ಹೀಟರು ಟಿಕ್ಕೆಂದಿತು. ಯಾರೋ ಕೆಮ್ಮಿದರು.
ಡೆನ್ಜಿಲ್, ಅವಳ ಅಜ್ಜನ ತಮ್ಮ,
ಟೋಪಿಯ ಅಂಚನ್ನು ಸುತ್ತಿಸುತ್ತಲೇ ಇದ್ದ.

ವಿರೋಧ ತೊಂಬತ್ತೇಳು. ಪರ ನಾಲ್ಕು.
ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡವರು ಹತ್ತು, ಅದರಲ್ಲಿ ಡೆನ್ಜಿಲ್ ಒಬ್ಬ.
ಲೊವೆನಾ ಅಷ್ಟರಲ್ಲಿ ಪಾಳಿಗೆ ಹೋಗಿದ್ದಳು.
ಗುಮಾಸ್ತೆಗೆ ಮತವಿಲ್ಲ. ಪುಣ್ಯ.
ಹೇಗೂ ತೀರ್ಮಾನ ಟ್ರೂರೋದಲ್ಲಿ, ಮಾರ್ಚಿಗೆ,
ಈ ಓಣಿಯಲ್ಲಿ ಎಂದೂ ಹಿಂದಕ್ಕೆ ಸರಿಯದವರದ್ದು.

ಮನೆಗೆ ಬಂದು ಅಡಿಗೆಮನೆಯ ಮೇಜಿನ ಮೇಲೆ ಪ್ರತಿ ತೆಗೆಯಲು ಕೂತೆ.
ನನ್ನದೂ ಹೊಲದ ಮೇಲೆ ಕೂತ ಮನೆಯೇ, ಪಾರ್ಕ್ ವೀಯನ್,
ಕಿರುಹೊಲ. ಐವತ್ತು ವರ್ಷದ ಹಿಂದೆ ಹನ್ನೆರಡು ಬಂಗಲೆ.
ಮಳೆ ಜೋರಾದ ರಾತ್ರಿ ಟೈಲ್ಸಿನಡಿ
ಹಳೇ ಒರತೆ ಗೊಣಗುತ್ತದೆ, ದಾರಿ ಬಿಡು ಅಂತಲೋ,
ಸುಮ್ಮನೆ ತನ್ನಷ್ಟಕ್ಕೋ. ಇಂದೂ ಗೊಣಗಿತು.

‘ಭಾಗ ಬಿ’ ಹೊಡೆದುಹಾಕಿ ಸ್ಕೊವಾರ್ನೆಕ್ ಬರೆದೆ,
ಕಾಗುಣಿತ ಸರಿಯೋ ಕೇಳಲು ಯಾರಿಲ್ಲ.
ಲೊವೆನಾಳ ಮಾತಿಗೆ ಬಂದಾಗ
‘ನಿವಾಸಿಯೊಬ್ಬರು’ ಎಂದು ಶುರುಮಾಡಿ
ಪೆನ್ನು ಎತ್ತಿದೆ.
ಹೆಸರೇ ಬರೆದೆ. ವಿಳಾಸದ ಜಾಗದಲ್ಲಿ
ತುಸು ಹೊತ್ತು ಬೇಕಾಯಿತು.